ಕಡಮತ್‌ನಲ್ಲಿ ಗದ್ದಲ ಯಾಕಿಲ್ಲ?

ದಸರಾ ರಜೆ ಹತ್ತಿರ ಬಂತೆಂದರೆ ಬೆಂಗಳೂರಿನಲ್ಲಿರುವ ನನ್ನ ಹೆಂಡತಿಯ ತಮ್ಮನಿಂದ ಫೋನು ಬರುತ್ತದೆ. ಪ್ರಶ್ನೆ ಪ್ರತಿ ವರ್ಷವೂ ಒಂದೇ. "ಭಾವಾ, ಜನ ಇಲ್ಲದ ದ್ವೀಪ ಯಾವುದಾದರೂ ಇದ್ದರೆ ಹೇಳಿ. ನೀಲಿ ನೀರು ಬೇಕು, ಬಿಳಿ ಮರಳು ಬೇಕು, ಡಿಜೆ ಮಾತ್ರ ಬೇಡ." ಅಂಡಮಾನಿನ ಹ್ಯಾವ್‌ಲಾಕ್‌ಗೆ ಅವನು ಹೋಗಿ ಬಂದಿದ್ದಾನೆ. ಅಲ್ಲಿಯ ರಾಧಾನಗರ ಬೀಚಿನಲ್ಲಿ ಸೂರ್ಯಾಸ್ತ ನೋಡುವವರಿಗಿಂತ ಅದಕ್ಕೆ ಬೆನ್ನು ಹಾಕಿ ನಿಂತು ಫೋಟೊ ತೆಗೆಸಿಕೊಳ್ಳುವವರೇ ಹೆಚ್ಚಿದ್ದರಂತೆ. ಒಂದು ಭಾನುವಾರ ನಾನೇ ಅವನನ್ನು ಮಲ್ಪೆಯಿಂದ ಸೈಂಟ್ ಮೇರೀಸ್‌ಗೆ ಕರೆದುಕೊಂಡು ಹೋದೆ. ಲಾವಾ ತಣಿದು ಕಂಬ ಕಂಬವಾಗಿ ನಿಂತ ಆ ಕಲ್ಲುಗಳ ಮುಂದೆ ಸೆಲ್ಫಿಗೆ ಸರದಿ ನಿಲ್ಲಬೇಕಾಯಿತು. ದೋಣಿಯಲ್ಲಿ ವಾಪಸು ಬರುವಾಗ ಅವನು ಮಾತೇ ಆಡಲಿಲ್ಲ.

ಕಳೆದ ಸಲ ಫೋನು ಬಂದಾಗ ಹೇಳಿದೆ: "ಇದೆ ಮಾರಾಯ. ನಮ್ಮ ಜಿಲ್ಲೆಯಲ್ಲೇ ಇತ್ತು. 1956ರಲ್ಲಿ ಕೈಬಿಟ್ಟು ಹೋಯಿತು."

ಅವನು ನಕ್ಕ. ಆದರೆ ಅದು ತಮಾಷೆಯ ಮಾತಲ್ಲ. ಅರಬ್ಬೀ ಸಮುದ್ರದಲ್ಲಿರುವ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಐದು ದ್ವೀಪಗಳು ಮದ್ರಾಸಿನ ಆಡಳಿತದಲ್ಲಿದ್ದ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದವು. ಐದಕ್ಕೂ ಸೇರಿಸಿ ಅಮಿನ್‌ದೀವಿ ಎಂದು ಹೆಸರು. 1780ರ ದಶಕದಲ್ಲಿ ಕಣ್ಣೂರಿನ ಅರಕ್ಕಲ್ ಬೀಬಿಯ ಆಡಳಿತದಿಂದ ಬೇಸತ್ತ ಅಮಿನಿಯವರು ಮಂಗಳೂರಿಗೆ ಬಂದು ಟಿಪ್ಪು ಸುಲ್ತಾನನ ಮೊರೆಹೊಕ್ಕರು. ಮಾತುಕತೆಯಾಗಿ ಈ ಐದು ದ್ವೀಪಗಳು ಟಿಪ್ಪುವಿಗೆ ಬಂದವು, ಉಳಿದವು ಬೀಬಿಯ ಕೈಯಲ್ಲೇ ಉಳಿದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಐದೂ ಈಸ್ಟ್ ಇಂಡಿಯಾ ಕಂಪನಿಯ ಪಾಲಾಗಿ, ಅವುಗಳ ಕಾಗದಪತ್ರವೆಲ್ಲ ಮಂಗಳೂರಿನ ಕಚೇರಿಗೆ ಸೇರಿತು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಬಂತು, ಕಾಸರಗೋಡು ಕೇರಳಕ್ಕೆ ಹೋಯಿತು, ಈ ದ್ವೀಪಗಳು ಕೇಂದ್ರಾಡಳಿತಕ್ಕೆ ಹೋದವು. ಕಾಸರಗೋಡಿನ ನೆನಪು ಎಲ್ಲರಿಗೂ ಇದೆ, ಅದಕ್ಕಾಗಿ ಚಳವಳಿ ನಡೆದಿದೆ, ಕವಿತೆ ಬಂದಿದೆ. ಅದೇ ದಿನ ಹೋದ ಐದು ದ್ವೀಪಗಳನ್ನು ನೆನೆದು ಒಬ್ಬರೂ ನಿಟ್ಟುಸಿರು ಬಿಟ್ಟದ್ದನ್ನು ನಾನು ಕೇಳಿಲ್ಲ. ಆ ಕೇಂದ್ರಾಡಳಿತ ಪ್ರದೇಶಕ್ಕೆ ಲಕ್ಷದ್ವೀಪ ಎಂಬ ಹೆಸರು ಬಂದದ್ದು 1973ರಲ್ಲಿ.

ಈ ಐದರಲ್ಲಿ ರಜೆಗೆಂದು ಹೋಗಬಹುದಾದದ್ದು ಕಡಮತ್. ಉದ್ದ ಒಂಬತ್ತು ಹತ್ತು ಕಿಲೋಮೀಟರ್. ಅತಿ ಅಗಲವಾದ ಕಡೆಯೂ ಆರುನೂರು ಮೀಟರ್ ದಾಟುವುದಿಲ್ಲ. ಒಂದು ತೆಂಗಿನ ತೋಟವನ್ನು ಹಗ್ಗದಂತೆ ಎಳೆದು ಸಮುದ್ರದ ಮೇಲೆ ಹಾಸಿದ ಹಾಗಿದೆ. ಬೆಳಿಗ್ಗೆ ಪೂರ್ವದ ದಂಡೆಯಲ್ಲಿ ಸೂರ್ಯ ಹುಟ್ಟುವುದನ್ನು ನೋಡಿದವರು ಸಂಜೆ ಐದಾರು ನಿಮಿಷ ಅಡ್ಡ ನಡೆದರೆ ಪಶ್ಚಿಮದ ದಂಡೆಯಲ್ಲಿ ಅವನನ್ನು ಬೀಳ್ಕೊಡಬಹುದು. ಲಕ್ಷದ್ವೀಪದ ಹೆಚ್ಚಿನ ದ್ವೀಪಗಳಿಗೆ ಲಗೂನ್ ಇರುವುದು ಪಶ್ಚಿಮಕ್ಕೆ ಮಾತ್ರ. ಕಡಮತ್‌ಗೆ ಎರಡೂ ಕಡೆ ಇದೆ. ಲಗೂನ್ ಎಂದರೆ ಹವಳದ ದಿಬ್ಬ ಸುತ್ತುಗಟ್ಟಿ ಒಳಗೆ ಹಿಡಿದಿಟ್ಟ ಆಳವಿಲ್ಲದ ಸಮುದ್ರ. ಅಲೆ ಹೊರಗಿನ ದಿಬ್ಬಕ್ಕೆ ಬಡಿದು ಅಲ್ಲೇ ಸೋಲುತ್ತದೆ. ಒಳಗಿನ ನೀರು ನಮ್ಮೂರ ಕೆರೆಯ ಹಾಗೆ ಸುಮ್ಮನೆ ಮಲಗಿರುತ್ತದೆ. ಪಣಂಬೂರಿನ ಅಲೆ ನೋಡಿ ಬೆಳೆದ ನನಗೆ ಸಮುದ್ರ ಹೀಗೂ ಇರಬಲ್ಲದು ಎಂದು ನಂಬಲು ಒಂದು ದಿನ ಬೇಕಾಯಿತು.

ಈ ಸದ್ದಿಲ್ಲದ ಜಾಗ ಹೇಗೆ ಹಾಗೆ ಉಳಿಯಿತು ಎನ್ನುವುದು ಈ ಅಂಕಣದ ವಿಷಯ. ಯಾರಿಗೂ ಗೊತ್ತಿಲ್ಲದ್ದರಿಂದ ಉಳಿಯಿತು ಎಂದು ಹೇಳುವ ಕಾಲ ಹೋಯಿತು. 2024ರ ಜನವರಿಯಲ್ಲಿ ಪ್ರಧಾನಿಯವರು ಲಕ್ಷದ್ವೀಪದಲ್ಲಿ ಸ್ನಾರ್ಕೆಲಿಂಗ್ ಮಾಡಿದ ಚಿತ್ರಗಳು ಬಂದ ಮೇಲೆ ಅದರ ಹೆಸರು ಕೇಳದವರಿಲ್ಲ. ಅದೇ ವರ್ಷದ ಮಾರ್ಚ್ ಕೊನೆಗೆ ಬೆಂಗಳೂರಿನಿಂದ ಅಗತ್ತಿಗೆ ನೇರ ವಿಮಾನವೂ ಶುರುವಾಯಿತು. ಆದರೂ ಅಲ್ಲಿ ಗೋವಾದಂತೆ ಜನ ಮುಗಿಬಿದ್ದಿಲ್ಲ. ಕಾರಣಗಳು ಕೆಲವು ಕಾನೂನಿನಲ್ಲಿವೆ, ಕೆಲವು ಹಡಗಿನಲ್ಲಿವೆ. ದೊಡ್ಡ ಕಾರಣ ಬಾವಿಯಲ್ಲಿದೆ.

ಬಾವಿಗೆ ಬರುವ ಮೊದಲು ನೆಲದ ಕಥೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿಯ ಒಳಗಿನ ಒಂದು ಬಿಸಿ ಕುಲುಮೆಯ ಮೇಲೆ ಭಾರತದ ಭೂಖಂಡ ಹಾದುಹೋಗುತ್ತಿತ್ತು. ಲಾವಾ ಉಕ್ಕಿ ಹರಿದು ದಖ್ಖನಿನ ಕಪ್ಪು ಬಂಡೆಯಾಯಿತು. ವಿಜಯಪುರ, ಬೆಳಗಾವಿ, ಕಲಬುರಗಿಯ ಎರೆಮಣ್ಣು ಆ ಬಂಡೆ ಕರಗಿ ಆದದ್ದು. ಭೂಖಂಡ ಉತ್ತರಕ್ಕೆ ಸರಿದಂತೆ ಅದೇ ಕುಲುಮೆ ಸಮುದ್ರದ ತಳದಲ್ಲಿ ಸಾಲಾಗಿ ಬೆಂಕಿಬೆಟ್ಟಗಳನ್ನು ಎಬ್ಬಿಸುತ್ತ ಹೋಯಿತು. ಲಕ್ಷದ್ವೀಪ, ಮಾಲ್ಡೀವ್ಸ್, ಛಾಗೋಸ್ ಅದೇ ಸಾಲಿನಲ್ಲಿವೆ. ಆ ಕುಲುಮೆ ಈಗ ರಿಯೂನಿಯನ್ ದ್ವೀಪದ ಅಡಿಯಲ್ಲಿ ಉರಿಯುತ್ತಿದೆ. ಬಸವನ ಬಾಗೇವಾಡಿಯ ಜೋಳದ ಹೊಲಕ್ಕೂ ಕಡಮತ್‌ನ ತೆಂಗಿಗೂ ಬುಡದಲ್ಲಿ ಇಂಥದ್ದೊಂದು ನೆಂಟಸ್ತಿಕೆ.

ಬೆಂಕಿಬೆಟ್ಟಗಳು ತಣಿದು ಮೆಲ್ಲಗೆ ಮುಳುಗಿದವು. ಅವುಗಳ ಅಂಚಿಗೆ ಅಂಟಿದ್ದ ಹವಳ ಮಾತ್ರ ಬೆಳಕಿಗಾಗಿ ಮೇಲೆ ಮೇಲೆ ಬೆಳೆಯಿತು. ಬೆಟ್ಟ ಕಾಣೆಯಾಗಿ ಹವಳದ ಉಂಗುರ ಉಳಿಯಿತು. ಇದನ್ನು ಮೊದಲು ಊಹಿಸಿ ಬರೆದವನು ಚಾರ್ಲ್ಸ್ ಡಾರ್ವಿನ್, 1842ರ ಪುಸ್ತಕದಲ್ಲಿ. ಆ ಉಂಗುರದ ಮೇಲೆ ಹವಳದ ಪುಡಿ ರಾಶಿಬಿದ್ದು ಆದದ್ದೇ ದ್ವೀಪ. ಆ ಪುಡಿಯ ದೊಡ್ಡ ಪಾಲನ್ನು ಮಾಡಿಕೊಡುವುದು ಗಿಳಿಮೀನು. ಗಿಳಿಯ ಕೊಕ್ಕಿನಂಥ ಬಾಯಿಂದ ಅದು ಸತ್ತ ಹವಳವನ್ನು ಕೆರೆದು ತಿಂದು, ಪಾಚಿಯನ್ನು ಜೀರ್ಣಿಸಿಕೊಂಡು, ಸುಣ್ಣವನ್ನು ಮರಳಾಗಿ ಹೊರಹಾಕುತ್ತದೆ. ಜಾಹೀರಾತುಗಳಲ್ಲಿ ಹೊಳೆಯುವ ಬಿಳಿ ಮರಳಿನ ದಂಡೆ ಅರ್ಧಕ್ಕರ್ಧ ಮೀನಿನ ಹಿಕ್ಕೆ. ಭಾವಮೈದುನನಿಗೆ ಇದನ್ನು ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನು ಮಕ್ಕಳಿಗೆ ಹೇಳಬೇಡಿ ಭಾವ" ಅಂದ.

ಇಂಥ ನೆಲದಲ್ಲಿ ಹೊಳೆಯಿಲ್ಲ, ತೊರೆಯಿಲ್ಲ, ಕೆರೆ ನಿಲ್ಲುವುದಿಲ್ಲ. ವರ್ಷಕ್ಕೆ ಸುಮಾರು 1,600 ಮಿಲಿಮೀಟರ್ ಮಳೆ. ಮಂಗಳೂರಿಗೆ ಬೀಳುವುದರ ಅರ್ಧವೂ ಅಲ್ಲ. ಆ ಮಳೆ ಮರಳಿನಲ್ಲಿ ಇಂಗಿ ಕೆಳಗಿನ ಉಪ್ಪು ನೀರಿನ ಮೇಲೆ ತೇಲುತ್ತದೆ. ಹೌದು, ತೇಲುತ್ತದೆ. ಸಿಹಿನೀರು ಉಪ್ಪುನೀರಿಗಿಂತ ಹಗುರ, ಸಾವಿರಕ್ಕೆ ಇಪ್ಪತ್ತೈದು ಪಾಲು. ಹಾಲಿನ ಮೇಲೆ ಕೆನೆ ನಿಂತ ಹಾಗೆ ದ್ವೀಪದ ಹೊಟ್ಟೆಯಲ್ಲಿ ಸಿಹಿನೀರಿನ ಒಂದು ತೆಳು ಮಸೂರ ನಿಂತಿರುತ್ತದೆ, ನಡುವೆ ದಪ್ಪ, ಅಂಚಿನಲ್ಲಿ ತೆಳು. ಡಚ್ಚರ ಬಾಡನ್ ಘೈಬೆನ್ ಮತ್ತು ಜರ್ಮನಿಯ ಹರ್ಜ್‌ಬರ್ಗ್ ಎಂಬಿಬ್ಬರು ನೂರು ವರ್ಷಕ್ಕೂ ಹಿಂದೆ ಇದರ ಲೆಕ್ಕ ಹಾಕಿಟ್ಟಿದ್ದಾರೆ. ಸಮುದ್ರಮಟ್ಟದಿಂದ ಒಂದು ಅಡಿ ಮೇಲಕ್ಕೆ ಸಿಹಿನೀರು ನಿಂತರೆ ಅದರ ಕೆಳಗೆ ನಲವತ್ತು ಅಡಿ ಸಿಹಿನೀರು ಇರುತ್ತದೆ.

ಈ ಲೆಕ್ಕವನ್ನು ತಿರುಗಿಸಿ ಓದಿದರೆ ಹೆದರಿಕೆಯಾಗುತ್ತದೆ. ಬಾವಿಯಿಂದ ಎಳೆದೆಳೆದು ಮೇಲಿನ ಮಟ್ಟ ಒಂದು ಅಡಿ ಇಳಿದರೆ, ಕೆಳಗಿನಿಂದ ಉಪ್ಪು ನಲವತ್ತು ಅಡಿ ಏರಿ ಬರುತ್ತದೆ. ಅದೂ ಕಾಗದದ ಲೆಕ್ಕ. ಹವಳದ ಸುಣ್ಣಕಲ್ಲಿನ ತುಂಬ ತೂತು, ಉಬ್ಬರವಿಳಿತಕ್ಕೆ ಒಳಗಿನ ನೀರೂ ಏರಿಳಿಯುತ್ತದೆ. ಹಾಗಾಗಿ ನಿಜವಾಗಿ ಕುಡಿಯಲು ಸಿಗುವ ಪದರ ಕೆಲವೇ ಮೀಟರಿನದು. ಅಲ್ಲಿ ಮನೆಗೊಂದು ಬಾವಿ ಇದೆ, ಬಗ್ಗಿ ನೋಡಿದರೆ ಮುಖ ಕಾಣುವಷ್ಟು ಮೇಲೆಯೇ ನೀರಿದೆ. ನಮ್ಮ ಕಡೆಯವರು ಅದನ್ನು ನೋಡಿ "ಅಬ್ಬ, ಎಷ್ಟೊಂದು ನೀರು" ಅನ್ನುತ್ತಾರೆ. ನಾನೂ ಅಂದೆ. ಮನೆಯವರು ನಕ್ಕು, ಕೊಡಪಾನ ಇಳಿಸುವಾಗ ಮೇಲಿನ ನೀರನ್ನಷ್ಟೇ ಮೊಗೆಯಬೇಕು, ಪಂಪು ಹಾಕಿ ಜೋರಾಗಿ ಎಳೆದರೆ ಮರುದಿನ ಚಹಾ ಉಪ್ಪಾಗುತ್ತದೆ ಎಂದರು. ಶೌಚದ ಗುಂಡಿಯ ನೀರೂ ಇದೇ ಮರಳಿಗೆ ಇಂಗುತ್ತದೆ ಎನ್ನುವುದನ್ನು ಸೇರಿಸಿಕೊಂಡರೆ, ಈ ನೆಲದ ಮೇಲೆ ಎಷ್ಟು ಜನ ಮಲಗಬಹುದು ಎಂಬ ಪ್ರಶ್ನೆಗೆ ಉತ್ತರ ಕೊಡುವುದು ಹೋಟೆಲಿನವರ ಕೆಲಸವಲ್ಲ ಎಂದು ಗೊತ್ತಾಗುತ್ತದೆ. ಕಡಮತ್‌ನ ಸ್ವಂತ ಜನಸಂಖ್ಯೆಯೇ 2011ರ ಗಣತಿಯಲ್ಲಿ ಐದು ಸಾವಿರ ದಾಟಿತ್ತು. ಅಗಲದಲ್ಲಿ ಅರ್ಧ ಕಿಲೋಮೀಟರಿನ ಪಟ್ಟಿಯ ಮೇಲೆ ಅದೇನೂ ಕಡಿಮೆಯಲ್ಲ.

ಸಮುದ್ರದ ನೀರನ್ನೇ ಸಿಹಿ ಮಾಡಬಾರದೇ? ಮಾಡುತ್ತಿದ್ದಾರೆ, ಮತ್ತು ಆ ಉಪಾಯ ಚೆಂದದ್ದು. ಮೇಲಿನ ನೀರು ಸುಮಾರು 28 ಡಿಗ್ರಿ ಬೆಚ್ಚಗಿರುತ್ತದೆ, 350 ಮೀಟರ್ ಆಳದ ನೀರು ಸುಮಾರು 12 ಡಿಗ್ರಿ. ಬೆಚ್ಚಗಿನ ನೀರನ್ನು ಗಾಳಿ ತೆಗೆದ ಕೋಣೆಗೆ ಬಿಟ್ಟರೆ ಒತ್ತಡ ಕಡಿಮೆಯಿರುವುದರಿಂದ ಒಲೆಯಿಲ್ಲದೆಯೇ ಸ್ವಲ್ಪ ಆವಿಯಾಗುತ್ತದೆ. ಆ ಆವಿಯನ್ನು ಆಳದ ತಣ್ಣೀರಿನ ಕೊಳವೆಗೆ ತಾಗಿಸಿದರೆ ಸಿಹಿನೀರಿನ ಹನಿಯಾಗುತ್ತದೆ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ 2005ರಲ್ಲಿ ಕವರತ್ತಿಯಲ್ಲಿ ಇಂಥ ಮೊದಲ ಸ್ಥಾವರ ಕಟ್ಟಿತು, ದಿನಕ್ಕೆ ಒಂದು ಲಕ್ಷ ಲೀಟರಿನದು. ಆಮೇಲೆ ಬೇರೆ ದ್ವೀಪಗಳಿಗೂ ಒಂದೊಂದಾಗಿ ಬಂತು. ದ್ವೀಪವಾಸಿಗಳ ಕುಡಿಯುವ ನೀರಿಗೆ ಇದು ದೊಡ್ಡ ಸಮಾಧಾನ. ಆದರೆ ಪಂಪು ತಿರುಗಲು ವಿದ್ಯುತ್ ಬೇಕು. ಅಲ್ಲಿ ವಿದ್ಯುತ್ತೆಂದರೆ ಹೆಚ್ಚಾಗಿ ಡೀಸೆಲ್ ಜನರೇಟರು, ಡೀಸೆಲ್ ಎಂದರೆ ಮುಖ್ಯಭೂಮಿಯಿಂದ ಬರುವ ಹಡಗು. ನಿಮ್ಮ ಕೋಣೆಯ ಷವರಿನ ನೀರು ಒಂದು ರೀತಿಯಲ್ಲಿ ಹಡಗಿನಲ್ಲೇ ಬಂದದ್ದು.

ಇನ್ನು ಕಾನೂನು. 1967ರ ನಿಯಮದ ಪ್ರಕಾರ ಹೊರಗಿನವರು ಲಕ್ಷದ್ವೀಪಕ್ಕೆ ಕಾಲಿಡಬೇಕಾದರೆ ಪರವಾನಗಿ ಬೇಕು. ದೇಶದ ಪ್ರಜೆಗಳಿಗೂ ಬೇಕು. ತಂದೆತಾಯಿ ಇಬ್ಬರೂ ಅಲ್ಲೇ ಹುಟ್ಟಿದವರಾದ ಸ್ಥಳೀಯರೆಲ್ಲ ಪರಿಶಿಷ್ಟ ಪಂಗಡದವರು, ಅವರ ಜಮೀನು ಹೊರಗಿನವರ ಕೈಗೆ ಸುಲಭವಾಗಿ ಹೋಗುವಂತಿಲ್ಲ. ಆದ್ದರಿಂದ ಹೊರಗಿನ ಹಣವಂತರು ಬಂದು ದಂಡೆಯುದ್ದಕ್ಕೂ ಬೇಲಿ ಹಾಕಿಲ್ಲ. ಪ್ರವಾಸೋದ್ಯಮವನ್ನು ಬಹುಕಾಲ ನಡೆಸಿಕೊಂಡು ಬಂದದ್ದು 1982ರಲ್ಲಿ ಶುರುವಾದ ಸರ್ಕಾರಿ ಸಂಸ್ಥೆ, ಜನ ಅದನ್ನು 'ಸ್ಪೋರ್ಟ್ಸ್' ಎಂದೇ ಕರೆಯುವುದು. ಕಡಮತ್‌ನ ದಕ್ಷಿಣದ ತುದಿಯ ಕಡೆಗಿರುವ ಕುಟೀರಗಳು, ಡೈವಿಂಗ್ ಕಲಿಸುವ ಜಾಗ ಎಲ್ಲ ನಾನು ಹೋದಾಗ ಅದರದೇ ಆಗಿತ್ತು. ಇಷ್ಟು ಕೋಣೆ, ಇಷ್ಟು ಜನ. ಮೀರಿದರೆ ಜಾಗವಿಲ್ಲ.

ಪರವಾನಗಿಯ ವಿಷಯದಲ್ಲಿ ನನ್ನದೂ ಒಂದು ಪಾಠವಿದೆ. ಮೊದಲ ಸಲ ನಾನೇ ಅರ್ಜಿ ಹಾಕುವ ಬದಲು ಒಬ್ಬ ಏಜೆಂಟನ ಕೈಗೆ ಕಾಗದ, ಹಣ ಎರಡನ್ನೂ ಕೊಟ್ಟೆ. ಪೊಲೀಸ್ ಪರಿಶೀಲನೆಯ ಪತ್ರವನ್ನು ಲಗತ್ತಿಸಲು ಅವನು ಮರೆತ. ಹಡಗು ಹೊರಡುವ ದಿನ ನಾವು ಕೊಚ್ಚಿಯಲ್ಲಿ ಚೀಲ ಹಿಡಿದು ನಿಂತಿದ್ದೆವು, ಪರವಾನಗಿ ಬಂದಿರಲಿಲ್ಲ. ಆ ರಜೆಯನ್ನು ಫೋರ್ಟ್ ಕೊಚ್ಚಿಯ ಚೀನೀ ಬಲೆ ನೋಡುತ್ತ ಕಳೆದೆವು. ಮುಂದಿನ ವರ್ಷ ಮೊದಲೇ ಎಲ್ಲವನ್ನೂ ಸ್ವತಃ ಮಾಡಿಸಿಕೊಂಡೆ, ಯಾವ ತೊಂದರೆಯೂ ಆಗಲಿಲ್ಲ.

ಮೂರನೆಯದು ಹಡಗು. ಅಗತ್ತಿಯ ವಿಮಾನ ನಿಲ್ದಾಣ 1988ರಲ್ಲಿ ತೆರೆದದ್ದು, ದ್ವೀಪದ ಒಂದು ತುದಿಯಿಂದ ಸಮುದ್ರದ ಅಂಚಿನವರೆಗೆ ರನ್‌ವೇ. ಉದ್ದ ಸುಮಾರು 1,200 ಮೀಟರ್. ಆದ್ದರಿಂದ ಎಪ್ಪತ್ತು ಎಂಬತ್ತು ಸೀಟಿನೊಳಗಿನ ಪಂಖದ ವಿಮಾನಗಳಷ್ಟೇ ಇಳಿಯುತ್ತವೆ. ಅಲ್ಲಿಂದ ಕಡಮತ್‌ಗೆ ಮತ್ತೆ ದೋಣಿ. ಕೊಚ್ಚಿಯಿಂದ ನೇರ ಹಡಗಿನಲ್ಲಿ ಹೋದರೆ ಒಂದು ರಾತ್ರಿಯ ಪ್ರಯಾಣ, ನಿಲ್ಲುವ ದ್ವೀಪಗಳನ್ನು ಅವಲಂಬಿಸಿ ಹದಿನಾಲ್ಕರಿಂದ ಇಪ್ಪತ್ತು ಗಂಟೆ. ಹಡಗುಗಳಲ್ಲಿ ದೊಡ್ಡದಾದ ಎಂವಿ ಕವರತ್ತಿ ಹೊರುವುದು ಏಳುನೂರು ಜನರನ್ನು. ಮೇ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ ಮಳೆಗಾಲದ ಸಮುದ್ರ, ಪ್ರವಾಸಿಗರ ಮಾತೇ ಇಲ್ಲ.

ಆ ಏಳುನೂರು ಸೀಟು ಯಾರವು? ನಾನು ಹೋದ ಹಡಗಿನಲ್ಲಿ ಪಕ್ಕದ ಬಂಕಿನಲ್ಲಿ ಕೊಚ್ಚಿಯಲ್ಲಿ ಹೃದಯದ ಚಿಕಿತ್ಸೆ ಮಾಡಿಸಿಕೊಂಡು ವಾಪಸು ಹೊರಟಿದ್ದ ಒಬ್ಬ ಅಜ್ಜಿ ಇದ್ದರು. ಎದುರಿಗೆ ಪರೀಕ್ಷೆ ಮುಗಿಸಿದ ನಾಲ್ಕು ಹುಡುಗಿಯರು, ಆಚೆ ಮದುವೆಗೆ ಬಟ್ಟೆ ಕೊಂಡ ಒಂದು ಕುಟುಂಬ. ಪ್ರವಾಸಿಗರೆಂದರೆ ನಾವು ಹತ್ತಾರು ಜನ. ನಮಗದು ವಿಹಾರದ ಹಡಗು, ಅವರಿಗೆ ಆಸ್ಪತ್ರೆಯ ಬಸ್ಸು, ಕಾಲೇಜಿನ ಬಸ್ಸು, ಸಂತೆಯ ಬಸ್ಸು. ನಮ್ಮಂಥವರು ನೂರು ಜನ ಹೆಚ್ಚಾಗಿ ಹತ್ತಿದರೆ ಯಾವ ನೂರು ಜನ ದಂಡೆಯಲ್ಲಿ ಉಳಿಯಬೇಕು ಎನ್ನುವ ಪ್ರಶ್ನೆ ಯಾವ ಪ್ರವಾಸಿ ಕರಪತ್ರದಲ್ಲೂ ಅಚ್ಚಾಗುವುದಿಲ್ಲ.

ಬೆಳಗಾಗುವಾಗ ಹಡಗು ದ್ವೀಪದ ಹೊರಗೆ ನಿಂತಿತು. ಆಳ ಸಾಲದ್ದರಿಂದ ಲಗೂನಿನೊಳಗೆ ಅದು ಬರುವಂತಿಲ್ಲ. ಸಣ್ಣ ದೋಣಿ ಬಂದು ಪಕ್ಕಕ್ಕೆ ತಾಗುತ್ತದೆ, ಎರಡೂ ಏರಿಳಿಯುತ್ತಿರುತ್ತವೆ, ದೋಣಿ ಮೇಲೆ ಬಂದ ಗಳಿಗೆ ನೋಡಿ ಕಾಲಿಡಬೇಕು. ಇಬ್ಬರು ಹುಡುಗರು ತೋಳು ಹಿಡಿದು ಇಳಿಸಿದರು. ಆ ಅಜ್ಜಿ ನನಗಿಂತ ಸಲೀಸಾಗಿ ಇಳಿದರು.

ಅಲ್ಲಿ ನಾಲ್ಕು ದಿನ ಏನು ಮಾಡಿದೆ ಎಂದು ಕೇಳಿದರೆ ಹೇಳಲು ಹೆಚ್ಚಿಲ್ಲ. ಇಳಿತದ ಹೊತ್ತಿನಲ್ಲಿ ಮೊಣಕಾಲು ನೀರಿನಲ್ಲಿ ನಡೆದೆ. ಕನ್ನಡಕ ಹಾಕಿ ಮುಖ ಮುಳುಗಿಸಿ ಕಡಲಾಮೆ ಮೇಯುವುದನ್ನು ನೋಡಿದೆ, ನಮ್ಮ ದನ ಗದ್ದೆಯಲ್ಲಿ ಮೇಯುವ ಅದೇ ಗಾಂಭೀರ್ಯ. ಸಂಜೆ ಏಡಿಗಳು ಮರಳಿನಿಂದ ಕಣ್ಣು ಮಾತ್ರ ಹೊರಗಿಟ್ಟು ನಮ್ಮನ್ನು ನೋಡುವುದನ್ನು ನೋಡಿದೆ. ರಾತ್ರಿ ಏನೋ ಕಡಿಮೆಯಾಗಿದೆ ಅನಿಸುತ್ತಿತ್ತು, ಏನೆಂದು ಹೊಳೆದದ್ದು ಎರಡನೆಯ ರಾತ್ರಿ. ನಾಯಿ ಬೊಗಳುವ ಸದ್ದೇ ಇಲ್ಲ. ಲಕ್ಷದ್ವೀಪಕ್ಕೆ ನಾಯಿಗಳನ್ನು ತರುವಂತಿಲ್ಲ.

ಊಟಕ್ಕೆ ಅನ್ನ, ತೆಂಗಿನಕಾಯಿ, ಟ್ಯೂನಾ ಮೀನು. ನಮ್ಮ ಕರಾವಳಿಯವರ ಬಾಯಲ್ಲಿ ಅದು ಕೇದರ. ಮಾಂಸವನ್ನು ಬೇಯಿಸಿ, ಹೊಗೆಯಾಡಿಸಿ, ಬಿಸಿಲಿಗೆ ಒಣಗಿಸಿ ಮರದ ತುಂಡಿನಷ್ಟು ಗಟ್ಟಿ ಮಾಡಿದ್ದು 'ಮಾಸ್', ತುರಿದು ಕಾಯಿಯ ಜೊತೆ ಕಲಸಿದರೆ ಬೇರೆ ಪಲ್ಯ ಬೇಡ. ತೆಂಗಿನ ನೀರಾ ಕಾಯಿಸಿದ ಜೋನಿಬೆಲ್ಲವೂ ಸಿಗುತ್ತದೆ. ತರಕಾರಿಯ ಹೆಸರಿನಲ್ಲಿ ಹಿತ್ತಲಲ್ಲಿ ಬೆಳೆಯುವುದು ದೀವಿಹಲಸು. ಆ ಹೆಸರನ್ನು ಎಷ್ಟು ಸಲ ಹೇಳಿದ್ದೇನೋ, ಬಜೆ ಮಾಡಿ ತಿಂದಿದ್ದೇನೋ, ಅದರ ಅರ್ಥ ಹೊಳೆದದ್ದು ಅಮಿನ್‌ದೀವಿಯ ನೆಲದಲ್ಲಿ ಕೂತು ತಿನ್ನುವಾಗ. ದೀವಿ ಎಂದರೆ ದ್ವೀಪ. ಹೊರಗಿನ ದ್ವೀಪದಿಂದ ಬಂದ ಹಲಸು ಎಂದು ನಮ್ಮ ಹಿರಿಯರು ಹೆಸರಿನಲ್ಲೇ ಬರೆದಿಟ್ಟಿದ್ದಾರೆ.

ಒಂದು ಸಂಜೆ ದಂಡೆಯಲ್ಲಿ ಬಲೆ ಹೊಲಿಯುತ್ತಿದ್ದ ಹಿರಿಯರೊಬ್ಬರ ಬಳಿ ಕೂತೆ. ಅವರದು ಮಲಯಾಳದ ದ್ವೀಪದ ನುಡಿ, ಜೆಸರಿ. ನನ್ನದು ಮುರುಕು ಬ್ಯಾರಿ. "ಎಲ್ಲಿಯವರು?" ಅಂದರು. "ಮಂಗಳೂರು, ಕಾಕಾ." ಅವರ ಕೈ ನಿಂತಿತು. ಅವರ ತಂದೆ ಓಡಂ ಹತ್ತಿ ಮಂಗಳೂರಿಗೆ ಬರುತ್ತಿದ್ದರಂತೆ, ಕತ್ತ ಕೊಟ್ಟು ಅಕ್ಕಿ ತರುತ್ತಿದ್ದರಂತೆ. ಓಡಂ ಎಂದರೆ ಹಾಯಿ ಕಟ್ಟಿದ ದೋಣಿ, ತುಳುವಿನಲ್ಲೂ ದೋಣಿಗೆ ಓಡ. ತೆಂಗಿನ ಸಿಪ್ಪೆಯನ್ನು ಲಗೂನಿನ ಅಂಚಿನ ಗುಂಡಿಗಳಲ್ಲಿ ತಿಂಗಳುಗಟ್ಟಲೆ ಕೊಳೆಹಾಕಿ, ಬಡಿದು, ಹೆಂಗಸರು ಹೊಸೆದ ಹಗ್ಗವೇ ಕತ್ತ. ಆ ವ್ಯಾಪಾರವನ್ನು ಸರ್ಕಾರವೇ ಏಕಸ್ವಾಮ್ಯ ಮಾಡಿಕೊಂಡಿತ್ತು. ಕತ್ತ ತಂದು ಮಂಗಳೂರಿನಲ್ಲಿ ಸರ್ಕಾರಕ್ಕೇ ಒಪ್ಪಿಸಬೇಕು, ಅಲ್ಲಿಂದಲೇ ಅಕ್ಕಿ ಪಡೆಯಬೇಕು. ಬೆಲೆ ಕಟ್ಟುವವರೂ ಕೊಳ್ಳುವವರೂ ಒಬ್ಬರೇ ಆದರೆ ಏನಾಗುತ್ತದೆಂದು ಊಹಿಸಬಹುದು. ಕಾಕಾ ಅದನ್ನು ದೂರಿನಂತೆ ಹೇಳಲಿಲ್ಲ. ಬಂದರಿನ ಯಾವುದೋ ಹೋಟೆಲಿನ ಬನ್ಸ್ ಬಗ್ಗೆ ಅವರ ತಂದೆ ಹೇಳುತ್ತಿದ್ದುದನ್ನು ನೆನೆದು, ಅದು ಈಗಲೂ ಸಿಗುತ್ತದೆಯೇ ಎಂದು ಕೇಳಿದರು.

ರಜೆಗೆ ಹೋಗುವವರು ತಿಳಿದಿರಬೇಕಾದ ಕೆಲವು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಬಂಗಾರಮ್ ಎಂಬ ಜನವಸತಿಯಿಲ್ಲದ ದ್ವೀಪವೊಂದನ್ನು ಬಿಟ್ಟರೆ ಉಳಿದೆಡೆ ಮದ್ಯ ನಿಷೇಧ. ಊರಿನ ಜನ ಮುಸ್ಲಿಮರು, ಊರೊಳಗೆ ಓಡಾಡುವಾಗ ಮೈತುಂಬ ಬಟ್ಟೆಯಿರಲಿ. ಹವಳ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಹುಲಿಗೆ ಇರುವ ರಕ್ಷಣೆಯೇ ಅದಕ್ಕೂ ಇದೆ, ನೆನಪಿಗೆಂದು ಸತ್ತ ತುಂಡನ್ನೂ ಚೀಲಕ್ಕೆ ಹಾಕಬೇಡಿ. ಒಯ್ದ ಪ್ಲಾಸ್ಟಿಕ್ಕನ್ನು ವಾಪಸು ತನ್ನಿ, ಅಲ್ಲಿ ಅದನ್ನು ಹೂಳಲು ಜಾಗವಿಲ್ಲ, ಹೂಳಿದರೆ ಬಾವಿಗೇ ಬರುತ್ತದೆ. ಎರಡು ಬಕೆಟ್ ಸ್ನಾನವನ್ನು ಒಂದಕ್ಕೆ ಇಳಿಸಿ. ಟಿವಿ, ವೈಫೈ, ರಾತ್ರಿ ಹತ್ತಕ್ಕೆ ಗೋಬಿ ಮಂಚೂರಿ ಬೇಕೆನ್ನುವವರು ಗೋವಾಕ್ಕೆ ಹೋಗುವುದೇ ಒಳ್ಳೆಯದು. ಗೋವಾ ಅದಕ್ಕಾಗಿಯೇ ಇದೆ, ನಾನು ವ್ಯಂಗ್ಯ ಮಾಡುತ್ತಿಲ್ಲ.

ಈಗ ಬದಲಾವಣೆಯ ಗಾಳಿ ಬೀಸುತ್ತಿದೆ. 2021ರಲ್ಲಿ ಬಂದ ಅಭಿವೃದ್ಧಿ ಪ್ರಾಧಿಕಾರದ ಕರಡು ನಿಯಮಕ್ಕೆ ದ್ವೀಪದವರು ಮನೆ ಮನೆಯಿಂದ ವಿರೋಧ ತೋರಿದ್ದು ನೆನಪಿರಬಹುದು. 2023ರ ಜನವರಿಯಲ್ಲಿ ಸುಹೇಲಿ ಮತ್ತು ಕಡಮತ್‌ನಲ್ಲಿ ತಲಾ 110 ಕೋಣೆಗಳ ತಾಜ್ ಹೋಟೆಲುಗಳ ಯೋಜನೆ ಪ್ರಕಟವಾಯಿತು. ಕಡಮತ್‌ನದರಲ್ಲಿ 75 ದಂಡೆಯ ಮೇಲೆ, 35 ಲಗೂನಿನ ನೀರಿನ ಮೇಲೆ. ಉದ್ಯೋಗ ಬರುತ್ತದೆ ಎನ್ನುವುದು ಸುಳ್ಳಲ್ಲ, ತೆಂಗು ಮತ್ತು ಮೀನನ್ನೇ ನಂಬಿ ಎಷ್ಟು ದಿನ ಎಂದು ಅಲ್ಲಿನ ಹುಡುಗರೇ ಕೇಳುತ್ತಾರೆ. ನನ್ನ ತಕರಾರು ಹೋಟೆಲಿನ ಮೇಲಲ್ಲ, ಎಣಿಕೆಯ ಮೇಲೆ. ಐಷಾರಾಮದ ಅತಿಥಿ ಸ್ಥಳೀಯನ ಹಲವು ಪಾಲು ನೀರು ಬಳಸುತ್ತಾನೆ. ಈ ಎಣಿಕೆಯನ್ನು ಮೊದಲೇ ಕೂಲಂಕಷವಾಗಿ ಮಾಡಿದವರೂ ಇದ್ದಾರೆ. ಸುಪ್ರೀಂ ಕೋರ್ಟ್ ನೇಮಿಸಿದ್ದ ಸಮಿತಿಯೊಂದು ಪ್ರತಿ ದ್ವೀಪದ ತಾಳಿಕೆಯ ಮಿತಿ ನೋಡಿ ಅಭಿವೃದ್ಧಿ ಮಾಡಬೇಕು, ಸ್ಥಳೀಯ ಪಂಚಾಯತಿಯನ್ನು ಕೇಳಿ ಮಾಡಬೇಕು ಎಂದು ಹೇಳಿತ್ತು. ಅದರ ಅಧ್ಯಕ್ಷರು ನಮ್ಮ ಹೈಕೋರ್ಟಿನಲ್ಲಿ ವರ್ಷಗಟ್ಟಲೆ ನ್ಯಾಯಪೀಠದಲ್ಲಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. ಆ ವರದಿಯನ್ನು ಪಕ್ಕಕ್ಕಿಟ್ಟು ಮಾಡುವ ಯಾವ ಲೆಕ್ಕವೂ ಬಾವಿಯ ತಳದಲ್ಲಿ ತಪ್ಪುತ್ತದೆ.

ನೀರಿಗಿಂತ ದೊಡ್ಡ ಎಚ್ಚರಿಕೆ ಹವಳದಿಂದ ಬರುತ್ತಿದೆ. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸಂಶೋಧಕರು 1998ರಿಂದ ಅಗತ್ತಿ, ಕಡಮತ್, ಕವರತ್ತಿಯ ಹವಳದ ದಿಬ್ಬಗಳನ್ನು ಅಳೆಯುತ್ತ ಬಂದಿದ್ದಾರೆ. ಸಮುದ್ರ ಕೆಲವು ವಾರ ಅತಿಯಾಗಿ ಕಾದರೆ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ, ಬಿಸಿ ಮುಂದುವರಿದರೆ ಸಾಯುತ್ತದೆ. 1998, 2010, 2016ರಲ್ಲಿ ಹೀಗಾಯಿತು, 2024ರಲ್ಲಿ ಮತ್ತೆ ಆಯಿತು. 1998ರಲ್ಲಿ ದಿಬ್ಬದ ಸುಮಾರು ಶೇ 37ರಷ್ಟು ಭಾಗದಲ್ಲಿದ್ದ ಜೀವಂತ ಹವಳ 2022ರ ಹೊತ್ತಿಗೆ ಶೇ 19ರ ಆಸುಪಾಸಿಗೆ ಇಳಿದಿದೆ. ಹವಳ ಸತ್ತರೆ ಗಿಳಿಮೀನಿಗೆ ಕೆರೆಯಲು ಉಳಿಯುವುದು ಹಳೆಯ ಕಲ್ಲು ಮಾತ್ರ, ದಿಬ್ಬ ಬೆಳೆಯುವುದಿಲ್ಲ, ಅಲೆ ಒಳಗೆ ಬರುತ್ತದೆ. ಬಂಗಾರಮ್ ಬಳಿಯ ಪರಳಿ ಎಂಬ ಪುಟ್ಟ ದ್ವೀಪಗಳಲ್ಲಿ ಒಂದು ಆಗಲೇ ಕೊರೆದು ಹೋಗಿದೆ.

ಅದೇ ಪರಳಿಯ ಹೆಸರಿನ ವೇಗದ ಹಡಗೊಂದು 2024ರ ಮೇ ತಿಂಗಳಲ್ಲಿ ಪ್ರಯಾಣಿಕರನ್ನು ಹೊತ್ತು ಮಂಗಳೂರಿನ ಹಳೆ ಬಂದರಿಗೆ ಬಂದಿತ್ತು. ಪತ್ರಿಕೆಯಲ್ಲಿ ಚಿತ್ರ ನೋಡಿ ನನಗೆ ಕಾಕಾ ಮತ್ತು ಬನ್ಸ್ ನೆನಪಾಯಿತು. ಕೊಚ್ಚಿಯಿಂದ ಕಡಮತ್ ಸುಮಾರು 400 ಕಿಲೋಮೀಟರ್. ಮಂಗಳೂರಿನಿಂದ ನೇರ ಅಳೆದರೆ 300ರೊಳಗೆ. ಅಮಿನ್‌ದೀವಿಯವರಿಗೆ ನಮ್ಮ ಆಸ್ಪತ್ರೆಗಳು, ಕಾಲೇಜುಗಳು ಹತ್ತಿರ. ಪ್ರವಾಸಿಗರ ಮಾತು ಆಮೇಲೆ, ಮೊದಲು ಆ ಅಜ್ಜಿಯಂಥವರಿಗಾಗಿ ಇಲ್ಲಿಂದ ವರ್ಷದ ಎಂಟು ತಿಂಗಳಾದರೂ ನಿಯಮಿತವಾಗಿ ಒಂದು ಹಡಗು ಓಡಲಿ ಎಂದು ರಾಜ್ಯ, ಕೇಂದ್ರ ಎರಡೂ ಸರ್ಕಾರಗಳನ್ನು ಕೇಳಬೇಕಾದದ್ದು ಮಂಗಳೂರಿನವರ ಕೆಲಸ. ಅಂಥ ಹಡಗಿನಲ್ಲಿ ಹತ್ತು ಸೀಟು ನಮ್ಮಂಥವರಿಗೆ ಮಿಕ್ಕರೆ ಸಾಕು.

ಭಾವಮೈದುನ ಈ ಸಲ ಅರ್ಜಿ ಹಾಕಿದ್ದಾನೆ, ಏಜೆಂಟನಿಲ್ಲದೆ. ನಾನು ಮೊನ್ನೆ ಸಂಜೆ ಹಳೆ ಬಂದರಿನ ದಕ್ಕೆಗೆ ಹೋಗಿದ್ದೆ. ಎರಡು ಮಂಜಿ ದೋಣಿಗಳು ಲಕ್ಷದ್ವೀಪಕ್ಕೆ ಹೊರಡಲು ನಿಂತಿದ್ದವು. ಸಿಮೆಂಟು, ಜಲ್ಲಿ, ಈರುಳ್ಳಿ, ಬಾಳೆಗೊನೆ ಹೇರುತ್ತಿದ್ದರು. ಜನರನ್ನು ಹತ್ತಿಸುತ್ತೀರಾ ಎಂದು ಕೇಳಿದೆ. ಇಲ್ಲ, ಸರಕು ಮಾತ್ರ ಎಂದರು.